ಶಾಲೆ ಬಿಟ್ಟೆನೋ, ಬಿಡಿಸಿದರೋ, ಬಿಟ್ಟುಹೋಯಿತೋ?

ಪ್ರಶ್ನೆ: ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಹೋದ ಸೆಮಿಸ್ಟರ್‌ನಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್ ಓದಿದಾಗ, ಮನುಷ್ಯ ಏನೇ ಮಾಡಿದರೂ ಅದನ್ನು ಸಮಾಜವೇ ಹಿಂದೆ ನಿಂತು ಮಾಡಿಸುತ್ತದೆ ಅನ್ನಿಸಿತು. ಈಗ ‘ಹ್ಯೂಮನ್ ಏಜೆನ್ಸಿ’ ಅಂತ ಹೊಸ ಪಾಠ ಬಂದಿದೆ. ಅದರಲ್ಲಿ ಮನುಷ್ಯ ತಾನೇ ಏನಾದರೂ ಮಾಡಬಲ್ಲ ಅಂತಿದೆ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ? ಏಜೆನ್ಸಿ ಅಂದರೆ ಸ್ವತಂತ್ರ ಇಚ್ಛೆ ಅಂತಲೇ ಅರ್ಥವಾ? ಇನ್ನೊಂದು ಗೊಂದಲ. ಎಲ್ಲರಿಗೂ ಏಜೆನ್ಸಿ ಇದೆ ಅಂತ ಒಪ್ಪಿಕೊಂಡರೆ, ಕಷ್ಟದಲ್ಲಿ ಇರುವವರಿಗೆ ‘ನಿನ್ನ ಕಷ್ಟಕ್ಕೆ ನೀನೇ ಕಾರಣ’ ಅಂದ ಹಾಗೆ ಆಗಲ್ವಾ?

ಉತ್ತರ: ನಿಮ್ಮ ಮೂರನೇ ಪ್ರಶ್ನೆ ಓದಿ ಖುಷಿಯಾಯಿತು. ಈ ಪಾಠ ಓದಿದವರೆಲ್ಲ ಕೇಳಬೇಕಾದ ಪ್ರಶ್ನೆ ಅದು. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಪದದ ಬಗ್ಗೆ, ಒಂದು ಮಾತುಕತೆಯ ಬಗ್ಗೆ ಹೇಳಬೇಕು.

ಏಜೆನ್ಸಿಗೆ ಕನ್ನಡದಲ್ಲಿ ‘ಕರ್ತೃತ್ವ’ ಅನ್ನುತ್ತಾರೆ. ಪುಸ್ತಕ ಬರೆದವರು ಯಾರು ಅನ್ನುವ ಚರ್ಚೆಗೂ ಇದೇ ಪದ ಬಳಸುವುದರಿಂದ ಸ್ವಲ್ಪ ಗೊಂದಲ ಆಗುತ್ತದೆ. ಆದರೂ ನನಗೆ ಈ ಪದ ಇಷ್ಟ. ಕರ್ತೃ, ಕರ್ಮ, ಕ್ರಿಯಾಪದ ಅಂತ ವ್ಯಾಕರಣದ ಪಾಠದಲ್ಲಿ ಕಲಿತೆವಲ್ಲ, ಆ ಕರ್ತೃವೇ ಇದರೊಳಗೆ ಕೂತಿದ್ದಾನೆ. ಕೆಲಸ ಮಾಡಿದವರು ಯಾರು? ಈ ವಿಷಯದ ತಿರುಳೆಲ್ಲ ಆ ಒಂದು ಪ್ರಶ್ನೆಯಲ್ಲಿದೆ.

ಈಗ ಮಾತುಕತೆ. ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟ ಒಬ್ಬ ಹೆಂಗಸಿನ ಜೊತೆ ಒಮ್ಮೆ ಇಡೀ ಮಧ್ಯಾಹ್ನ ಕೂತು ಮಾತಾಡಿದ್ದೆ. ಮೊದಲು ಅವರು ಅಂದದ್ದು, ‘ನನ್ನ ಶಾಲೆ ಬಿಡಿಸಿದರು’. ಅರ್ಧ ಗಂಟೆ ಆದ ಮೇಲೆ ತಂಗಿಯ ವಿಷಯ ಬಂತು. ಆಗ ಅಂದರು, ‘ಅವಳಾದರೂ ಓದಲಿ ಅಂತ ನಾನು ಬಿಟ್ಟೆ’. ನಾನು ಹೊರಡುವ ಹೊತ್ತಿಗೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, ‘ಹೇಗೋ ಬಿಟ್ಟುಹೋಯಿತು’ ಅಂದರು.

ನಡೆದದ್ದು ಒಂದೇ. ಹೇಳಿದ್ದು ಮೂರು ಥರ. ‘ಬಿಡಿಸಿದರು’ ಅಂದಾಗ ಕರ್ತೃ ಬೇರೆಯವರು. ‘ಬಿಟ್ಟೆ’ ಅಂದಾಗ ಕರ್ತೃ ಅವರೇ. ‘ಬಿಟ್ಟುಹೋಯಿತು’ ಅಂದಾಗ ಮಾಡಿದವರು ಯಾರೂ ಇಲ್ಲ. ಮೂರರಲ್ಲಿ ಯಾವುದೂ ಸುಳ್ಳಾಗಿರಲಿಲ್ಲ. ಸಮಾಜಶಾಸ್ತ್ರದಲ್ಲಿ ನೂರು ವರ್ಷಕ್ಕೂ ಮಿಗಿಲಾಗಿ ನಡೆದ ರಚನೆ ಮತ್ತು ಕರ್ತೃತ್ವದ ಚರ್ಚೆ ಈ ಮೂರು ವಾಕ್ಯಗಳ ಸುತ್ತಲೇ ತಿರುಗಿದೆ ಅಂತ ನನಗೆ ಅನ್ನಿಸುತ್ತದೆ. ರಚನೆ ಅಂದರೆ ನಾವು ಹುಟ್ಟುವ ಮೊದಲೇ ಇದ್ದ ನಿಯಮ, ಸಂಬಂಧ, ಆಸ್ತಿಯ ಹಂಚಿಕೆ, ಅಧಿಕಾರ, ಭಾಷೆ ಎಲ್ಲ ಸೇರಿದ ಚೌಕಟ್ಟು ಅಂತ ಸದ್ಯಕ್ಕೆ ಇಟ್ಟುಕೊಳ್ಳಿ.

ಇನ್ನು ಸ್ವತಂತ್ರ ಇಚ್ಛೆ. ಏಜೆನ್ಸಿ ಮತ್ತು ಸ್ವತಂತ್ರ ಇಚ್ಛೆ ಒಂದೇ ಅಲ್ಲ. ಮನುಷ್ಯನ ಮನಸ್ಸು ಕಾರಣಗಳ ಸರಪಳಿಯಿಂದ ಹೊರಗಿದೆಯೇ ಅನ್ನುವುದು ತತ್ವಶಾಸ್ತ್ರದ ಪ್ರಶ್ನೆ. ಸಮಾಜಶಾಸ್ತ್ರಜ್ಞರು ಅದನ್ನು ಬಗೆಹರಿಸುವುದಿಲ್ಲ, ಬಗೆಹರಿಸಬೇಕಾಗಿಯೂ ಇಲ್ಲ. ಅವರು ಕೇಳುವುದು ಅದಕ್ಕಿಂತ ಸಣ್ಣದು. ಈ ಮನುಷ್ಯ ಇಲ್ಲಿ ಬೇರೆ ಥರ ಮಾಡಬಹುದಿತ್ತೇ? ಬೇರೆ ಥರ ಮಾಡಿದ್ದರೆ ಏನಾದರೂ ವ್ಯತ್ಯಾಸ ಆಗುತ್ತಿತ್ತೇ? ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಆಂಟನಿ ಗಿಡೆನ್ಸ್ ಕರ್ತೃತ್ವವನ್ನು ಹೀಗೇ ವಿವರಿಸಿದರು. ಅವರ ಪ್ರಕಾರ ಕರ್ತೃತ್ವ ಉದ್ದೇಶಕ್ಕೆ ಸಂಬಂಧಿಸಿದ್ದಲ್ಲ, ಸಾಮರ್ಥ್ಯಕ್ಕೆ ಸಂಬಂಧಿಸಿದ್ದು.

ಇದಕ್ಕೆ ತತ್ವಜ್ಞಾನಿ ಡೊನಾಲ್ಡ್ ಡೇವಿಡ್‌ಸನ್ ಕೊಟ್ಟ ಒಂದು ಉದಾಹರಣೆ ಚೆನ್ನಾಗಿದೆ. ಒಬ್ಬ ಮನೆಗೆ ಬಂದು ದೀಪ ಹಾಕುತ್ತಾನೆ. ಅಲ್ಲೇ ಹೊಂಚು ಹಾಕುತ್ತಿದ್ದ ಕಳ್ಳ ಬೆಳಕು ಕಂಡು ಎಚ್ಚೆತ್ತುಕೊಳ್ಳುತ್ತಾನೆ. ಮನೆಯವನಿಗೆ ಬೇಕಿದ್ದದ್ದು ಬರೀ ಬೆಳಕು. ಕಳ್ಳನನ್ನು ಎಚ್ಚರಿಸುವುದು ಅವನ ಉದ್ದೇಶವಾಗಿರಲಿಲ್ಲ. ಆದರೂ ಎಚ್ಚರಿಸಿದ್ದು ಅವನೇ. ನಮ್ಮ ಬದುಕಿನಲ್ಲಿ ಬಹುಪಾಲು ಕೆಲಸ ಹೀಗೇ ಆಗುತ್ತದೆ. ಅಂದುಕೊಂಡದ್ದು ಒಂದು, ಆದದ್ದು ಒಂದಷ್ಟು. ಅದಷ್ಟೂ ನಮ್ಮ ಕೈಯಿಂದಲೇ ಆದದ್ದು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಂತ ಮನುಷ್ಯ ಮಾಡಿದ್ದೆಲ್ಲ ಸಾಮಾಜಿಕ ಕ್ರಿಯೆ ಅಂತಲೂ ಅಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಇಲ್ಲಿ ತುಂಬಾ ಸ್ಪಷ್ಟವಾಗಿದ್ದರು. ಮಳೆ ಬಂತು, ಬೀದಿಯಲ್ಲಿದ್ದವರೆಲ್ಲ ಒಟ್ಟಿಗೇ ಕೊಡೆ ಬಿಚ್ಚಿದರು. ನೂರು ಜನ ಒಂದೇ ಕೆಲಸ ಮಾಡಿದ್ದಾರೆ. ಆದರೆ ಇದು ಸಾಮಾಜಿಕ ಕ್ರಿಯೆ ಅಲ್ಲ, ಪ್ರತಿಯೊಬ್ಬರೂ ನೋಡಿದ್ದು ಮಳೆಯನ್ನು, ಪಕ್ಕದವರನ್ನಲ್ಲ. ಇಬ್ಬರು ಸೈಕಲ್ ಸವಾರರು ಡಿಕ್ಕಿ ಹೊಡೆದರು ಅನ್ನಿ. ಅದೂ ಬರೀ ಘಟನೆ, ಮರ ಬಿದ್ದ ಹಾಗೆ. ಆದರೆ ಡಿಕ್ಕಿ ತಪ್ಪಿಸಲು ಇಬ್ಬರೂ ಹ್ಯಾಂಡಲ್ ತಿರುಗಿಸಿದ್ದರೆ, ಆಮೇಲೆ ಬೈದಾಡಿದ್ದರೆ, ಕೈ ಮಾಡಿದ್ದರೆ, ಇಲ್ಲ ಸಮಾಧಾನವಾಗಿ ಮಾತಾಡಿಕೊಂಡಿದ್ದರೆ, ಅವೆಲ್ಲ ಸಾಮಾಜಿಕ ಕ್ರಿಯೆ. ಎದುರಿಗಿರುವವರನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಂದು ಅರ್ಥ ಇಟ್ಟುಕೊಂಡು ಮಾಡಿದ ಕೆಲಸ ಅದು. ವೇಬರ್ 1920ರಲ್ಲಿ ತೀರಿಕೊಂಡರು, ಈ ಉದಾಹರಣೆಗಳಿರುವ ಅವರ ಬರಹ ಪುಸ್ತಕವಾಗಿ ಬಂದದ್ದು ಆಮೇಲೆ. ಕರ್ತೃತ್ವದ ಚರ್ಚೆಯಲ್ಲಿ ‘ಅರ್ಥ’ ಅನ್ನುವುದನ್ನು ನಡುಮನೆಗೆ ತಂದು ಕೂರಿಸಿದವರು ಅವರು.

ಈಗ ನಿಮ್ಮನ್ನು ಕಾಡಿದ ಡರ್ಕ್‌ಹೈಮ್. ಅವರನ್ನು ಜನ ಸುಮ್ನೆ ವಿಲನ್ ಮಾಡುತ್ತಾರೆ, ನನಗೆ ಬೇಜಾರಾಗುತ್ತದೆ. 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಅವರು ಬರೆದ ಪುಸ್ತಕ ವಿವರಿಸಿದ್ದು ಒಬ್ಬ ವ್ಯಕ್ತಿಯ ಸಾವನ್ನಲ್ಲ, ದರವನ್ನು. ಒಂದು ದೇಶದಲ್ಲಿ, ಒಂದು ಧರ್ಮದವರಲ್ಲಿ ಆ ದರ ವರ್ಷದಿಂದ ವರ್ಷಕ್ಕೆ ಹೆಚ್ಚುಕಮ್ಮಿ ಒಂದೇ ಇರುವುದು ಯಾಕೆ? ಪ್ರಾಟೆಸ್ಟೆಂಟರಲ್ಲಿ ಕ್ಯಾಥೊಲಿಕರಿಗಿಂತ ಜಾಸ್ತಿ ಯಾಕೆ? ವ್ಯಕ್ತಿಗಳ ಮನಸ್ಸನ್ನು ಒಂದೊಂದಾಗಿ ಬಿಡಿಸುತ್ತಾ ಹೋದರೆ ಇದಕ್ಕೆ ಉತ್ತರ ಸಿಗುವುದಿಲ್ಲ, ಗುಂಪು ತನ್ನವರಿಗೆ ಎಷ್ಟು ಆಸರೆ ಕೊಡುತ್ತದೆ ಅಂತ ನೋಡಬೇಕು ಅಂತ ಅವರು ಹೇಳಿದರು. ಅದು ಸರಿಯಾದ ಮಾತು. ಆದರೆ ದರ ಯಾರ ಕೈಯನ್ನೂ ಹಿಡಿದು ಎಳೆಯುವುದಿಲ್ಲ. ಒಂದು ಗುಂಪಿನಲ್ಲಿ ಆಸರೆ ಕಮ್ಮಿ ಇದೆ ಅನ್ನುವುದಕ್ಕೂ, ಅಲ್ಲಿನ ಒಬ್ಬ ಮನುಷ್ಯ ಇಂಥ ದಿನ ಇಂಥದ್ದನ್ನೇ ಮಾಡುತ್ತಾನೆ ಅನ್ನುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಹೋದ ಸೆಮಿಸ್ಟರ್‌ನಲ್ಲಿ ನೀವು ಆ ಅಂತರವನ್ನು ಒಂದೇ ಹೆಜ್ಜೆಯಲ್ಲಿ ದಾಟಿಬಿಟ್ಟಿದ್ದೀರಿ. ಹಾಗೆ ದಾಟುವುದು ನೀವೊಬ್ಬರೇ ಅಲ್ಲ.

ಅದೇ ತಪ್ಪನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಎರಡನೇ ಮಹಾಯುದ್ಧದ ನಂತರದ ಅಮೆರಿಕದ ಸಮಾಜಶಾಸ್ತ್ರ. ಟಾಲ್ಕಟ್ ಪಾರ್ಸನ್ಸ್ 1937ರಲ್ಲಿ ಬರೆದಾಗ ಕ್ರಿಯೆಯಿಂದಲೇ ಶುರುಮಾಡಿದ್ದರು. 1951ರ ಹೊತ್ತಿಗೆ ಅವರ ಗಮನವೆಲ್ಲ ವ್ಯವಸ್ಥೆಯ ಮೇಲೆ. ಸಮಾಜದ ಮೌಲ್ಯಗಳನ್ನು ಮಕ್ಕಳು ಒಳಗೆ ಇಳಿಸಿಕೊಳ್ಳುತ್ತಾರೆ, ದೊಡ್ಡವರಾಗಿ ಅದರಂತೆ ನಡೆಯುತ್ತಾರೆ. 1961ರಲ್ಲಿ ಡೆನ್ನಿಸ್ ರಾಂಗ್ ಒಂದು ಲೇಖನ ಬರೆದು, ಇದು ಸಮಾಜ ಅತಿಯಾಗಿ ತಿದ್ದಿಬಿಟ್ಟ ಮನುಷ್ಯನ ಚಿತ್ರ, ನಿಜವಾದ ಮನುಷ್ಯ ಹೀಗಿರುವುದಿಲ್ಲ ಅಂದರು.

ಅದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದವರು ಹೆರಾಲ್ಡ್ ಗಾರ್ಫಿಂಕೆಲ್. ಅವರು ತಮ್ಮ ವಿದ್ಯಾರ್ಥಿಗಳಿಗೆ ಒಂದು ವಿಚಿತ್ರ ಕೆಲಸ ಕೊಟ್ಟರು. ನಿಮ್ಮ ಮನೆಗೆ ಹೋಗಿ, ಕಾಲು ಗಂಟೆಯಿಂದ ಒಂದು ಗಂಟೆವರೆಗೆ, ಆ ಮನೆಯಲ್ಲಿ ದುಡ್ಡು ಕೊಟ್ಟು ಉಳಿದುಕೊಂಡ ಅಪರಿಚಿತರ ಥರ ನಡೆದುಕೊಳ್ಳಿ. ಮಕ್ಕಳು ಮನೆಗೆ ಹೋಗಿ ಬಹಳ ಮರ್ಯಾದೆಯಿಂದ ಮಾತಾಡಿದರು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ತಪ್ಪು ಅನ್ನುವಂಥದ್ದು ಏನೂ ಮಾಡಲಿಲ್ಲ. ಆದರೂ ಹೆಚ್ಚಿನ ಮನೆಗಳಲ್ಲಿ ರಂಪವಾಯಿತು. ಹುಷಾರಿಲ್ಲವಾ, ತಲೆ ಕೆಟ್ಟಿದೆಯಾ, ಏನಾಗಿದೆ ನಿನಗೆ ಅಂತ ಮನೆಯವರು ಬೆನ್ನು ಬಿದ್ದರು. ಇವನಿಗೆ ಓದಿನ ಒತ್ತಡ ಇರಬೇಕು, ಯಾರ ಜೊತೆಗೋ ಜಗಳ ಆಗಿರಬೇಕು ಅಂತ ತಾವೇ ಕಾರಣ ಹುಡುಕಿದರು.

ಇದನ್ನು ಹತ್ತಿರದಿಂದ ನೋಡಿ. ‘ಮನೆ’ ಅನ್ನುವ ರಚನೆ ಗೋಡೆಯ ಹಾಗೆ ತನ್ನಷ್ಟಕ್ಕೆ ನಿಂತಿರಲಿಲ್ಲ. ಎಲ್ಲರೂ ಗಳಿಗೆ ಗಳಿಗೆಗೂ ಅದನ್ನು ಹಿಡಿದು ನಿಲ್ಲಿಸಿದ್ದರು. ಒಬ್ಬರು ಕೈ ಬಿಟ್ಟ ಕೂಡಲೇ ಉಳಿದವರು ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಓಡಿದರು. ನಿಯಮ ಪಾಲಿಸುವುದೂ ಒಂದು ಕೆಲಸ, ಅದಕ್ಕೂ ಬುದ್ಧಿ ಬೇಕು. ಜನ ನಿಯಮದ ದಾರಕ್ಕೆ ಕುಣಿಯುವ ಗೊಂಬೆಗಳಲ್ಲ ಅಂತ ಗಾರ್ಫಿಂಕೆಲ್ 1967ರ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ಕರ್ತೃತ್ವ ಅಂದ ಕೂಡಲೇ ನಮಗೆ ಬಂಡಾಯ ನೆನಪಾಗುತ್ತದೆ. ದಿನ ನಿತ್ಯದ ಬದುಕನ್ನು ದಿನ ನಿತ್ಯದ ಹಾಗೆ ಇಡುವುದಕ್ಕೂ ಕರ್ತೃತ್ವ ಬೇಕು.

ಹಾಗಾದರೆ ‘ಹೇಗೋ ಬಿಟ್ಟುಹೋಯಿತು’ ಅನ್ನುವ ಮೂರನೇ ವಾಕ್ಯ? ಅದನ್ನು ಯಾರಿಗಿಂತಲೂ ಚೆನ್ನಾಗಿ ಅರ್ಥ ಮಾಡಿಕೊಂಡವರು ಪಿಯೆರ್ ಬೋರ್ದ್ಯೂ. ಅವರು ಹುಟ್ಟಿದ್ದು 1930ರಲ್ಲಿ, ಫ್ರಾನ್ಸಿನ ನೈಋತ್ಯ ಮೂಲೆಯ ಬೆಯಾರ್ನ್ ಎಂಬ ಹಳ್ಳಿಗಾಡಿನಲ್ಲಿ. 1962ರಲ್ಲಿ ಅಲ್ಲಿನದೇ ಒಂದು ಹಳ್ಳಿಯ ಬಗ್ಗೆ ಬರೆದರು. ಕ್ರಿಸ್‌ಮಸ್ ಹೊತ್ತಿನ ನೃತ್ಯಕೂಟ. ನಡುವೆ ಹುಡುಗ ಹುಡುಗಿಯರು ಹೊಸ ಹೊಸ ನೃತ್ಯ ಮಾಡುತ್ತಿದ್ದಾರೆ. ಅಂಚಿನಲ್ಲಿ, ಗೋಡೆಯ ಬಳಿ, ಒಂದಷ್ಟು ಗಂಡಸರು ಸುಮ್ಮನೆ ನಿಂತಿದ್ದಾರೆ. ಮೂವತ್ತರ ಆಸುಪಾಸಿನವರು, ಹಳೇ ಕಾಲದ ಕಪ್ಪು ಸೂಟು ಹಾಕಿಕೊಂಡವರು. ಅವರು ಕುಣಿಯುವುದಿಲ್ಲ. ರಾತ್ರಿಯೆಲ್ಲ ನೋಡುತ್ತಾ ನಿಲ್ಲುತ್ತಾರೆ. ಅವರು ಮದುವೆಯಾಗದೆ ಉಳಿದ ರೈತರು.

ಅವರಲ್ಲಿ ಹಲವರು ಮನೆಯ ಹಿರಿಯ ಮಕ್ಕಳು, ಜಮೀನಿನ ವಾರಸುದಾರರು. ಹಿಂದೆ ಹಿರಿಯ ಮಗನಿಗೇ ಮೊದಲು ಮದುವೆ, ಆಸ್ತಿಯಿಲ್ಲದ ಕಿರಿಯವರು ಹಾಗೇ ಉಳಿಯುತ್ತಿದ್ದರು. ಕಾಲ ತಿರುಗಿತು. ಹುಡುಗಿಯರಿಗೆ ಪಟ್ಟಣದ ಬದುಕು ಬೇಕಾಯಿತು. ಜಮೀನು ಇದ್ದವನೇ ಜಮೀನಿಗೆ ಸಿಕ್ಕಿಕೊಂಡ. ಆದರೆ ನೃತ್ಯಕ್ಕೆ ಇಳಿಯಬೇಡ ಅಂತ ಅವರನ್ನು ತಡೆದವರು ಯಾರು? ಯಾರೂ ಇಲ್ಲ. ಅವರ ಮೈಯೇ ಅವರನ್ನು ತಡೆದಿದೆ. ಉಳುಮೆಗೆ ಒಗ್ಗಿದ ನಡಿಗೆ, ಭಾರವಾದ ಹೆಜ್ಜೆ. ಹುಡುಗಿಯರ ಕಣ್ಣಲ್ಲಿ ತಾವು ಹೇಗೆ ಕಾಣುತ್ತೇವೆ ಅಂತ ಅವರಿಗೇ ಗೊತ್ತು. ಗೊತ್ತಿರುವುದರಿಂದಲೇ ಇನ್ನಷ್ಟು ಮುದುಡುತ್ತಾರೆ. ಒಂದು ಪ್ರದೇಶದ ಆರ್ಥಿಕ ಚರಿತ್ರೆಯೆಲ್ಲ ಇಳಿದು ಬಂದು ಒಬ್ಬ ಮನುಷ್ಯನ ಮೊಣಕಾಲಲ್ಲಿ ಕೂತಿದೆ. ಆ ಪುಟಗಳನ್ನು ಎಷ್ಟು ಸಲ ಓದಿದರೂ ನನಗೆ ಎದೆ ಭಾರವಾಗುತ್ತದೆ.

ಹೀಗೆ ಮೈಗೆ ಇಳಿದ ರೂಢಿಯನ್ನೇ ಬೋರ್ದ್ಯೂ ‘ಹ್ಯಾಬಿಟಸ್’ ಅಂದದ್ದು. ಒಳ್ಳೆಯ ಆಟಗಾರ ಚೆಂಡು ಬರುವ ಜಾಗಕ್ಕೆ ಯೋಚಿಸದೇ ಓಡುತ್ತಾನಲ್ಲ, ಬೆಳೆದ ವಾತಾವರಣ ನಮಗೆ ಅಂಥದ್ದೇ ಆಟದ ಅರಿವು ಕೊಡುತ್ತದೆ. ಏನು ನಮಗೆ ಸಿಗುತ್ತದೆ, ಏನು ‘ನಮ್ಮಂಥವರಿಗಲ್ಲ’ ಅನ್ನುವುದು ಅದರಲ್ಲೇ ಸೇರಿಕೊಂಡಿರುತ್ತದೆ. ಸಿಗದಿದ್ದನ್ನು ನಾವು ಬಯಸುವುದನ್ನೇ ಬಿಡುತ್ತೇವೆ. ಆಗ ಬಿಡಿಸಿದವರೂ ಕಾಣುವುದಿಲ್ಲ, ಬಿಟ್ಟವರೂ ಕಾಣುವುದಿಲ್ಲ. ಬಿಟ್ಟುಹೋಗಿರುತ್ತದೆ ಅಷ್ಟೇ. ಬೋರ್ದ್ಯೂ ಬಗ್ಗೆ ಇರುವ ದೂರು, ಇಷ್ಟೆಲ್ಲ ಹೇಳಿದ ಮೇಲೆ ಬದಲಾವಣೆಗೆ ಜಾಗವೇ ಉಳಿಯುವುದಿಲ್ಲ ಅನ್ನುವುದು. ದೂರಿನಲ್ಲಿ ಹುರುಳಿದೆ. ಆದರೆ ಅವರು ಕಂಡದ್ದನ್ನು ಕಾಣದೇ ಬದಲಾವಣೆಯ ಮಾತಾಡುವವರನ್ನು ನಾನು ನಂಬುವುದಿಲ್ಲ.

ಗಿಡೆನ್ಸ್ ಇನ್ನೊಂದು ದಾರಿ ಹಿಡಿದರು. 1976ರಿಂದ 1984ರವರೆಗೆ ಬರೆದ ಪುಸ್ತಕಗಳಲ್ಲಿ ಅವರು ಹೇಳಿದ್ದನ್ನು ಭಾಷೆಯ ಉದಾಹರಣೆಯಿಂದ ಸುಲಭವಾಗಿ ಹಿಡಿಯಬಹುದು. ಈಗ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದರ ವ್ಯಾಕರಣ ನಾನು ಮಾಡಿದ್ದಲ್ಲ. ಅದು ನನ್ನನ್ನು ಕಟ್ಟಿಹಾಕುತ್ತದೆ, ಮನಸ್ಸಿಗೆ ಬಂದ ಹಾಗೆ ಪದ ಜೋಡಿಸಿದರೆ ನಿಮಗೆ ಅರ್ಥವಾಗುವುದಿಲ್ಲ. ಆದರೆ ಆ ವ್ಯಾಕರಣ ಇರುವುದರಿಂದಲೇ ಇದುವರೆಗೆ ಯಾರೂ ಬರೆಯದ ವಾಕ್ಯವನ್ನು ನಾನು ಬರೆಯಬಲ್ಲೆ. ಮತ್ತೆ ನಾನೂ ನೀವೂ ಹೀಗೆ ಬಳಸುವುದರಿಂದಲೇ ಆ ಭಾಷೆ ಉಳಿದಿದೆ, ಬಳಸುತ್ತಾ ಬಳಸುತ್ತಾ ಅದು ಬದಲಾಗುತ್ತಲೂ ಇದೆ. ರಚನೆ ತಡೆಯುವುದೂ ಹೌದು, ಕೈಗೆ ಸಾಧನ ಕೊಡುವುದೂ ಹೌದು. ಗಿಡೆನ್ಸ್ ಇದನ್ನು ರಚನೆಯ ದ್ವಿಮುಖತೆ ಅಂದರು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನೀವು ಸಮಾಜ ಮತ್ತು ಕರ್ತೃತ್ವವನ್ನು ತಕ್ಕಡಿಯ ಎರಡು ತಟ್ಟೆಗೆ ಹಾಕಿದ್ದೀರಿ. ಒಂದು ಏರಿದರೆ ಇನ್ನೊಂದು ಇಳಿಯಬೇಕು ಅಂತ. ವ್ಯಾಕರಣ ಜಾಸ್ತಿ ಗೊತ್ತಿದ್ದವರಿಗೆ ಮಾತಿನ ಸ್ವಾತಂತ್ರ್ಯ ಕಮ್ಮಿಯಾಗುತ್ತದೆಯೇ? ಇಲ್ಲವಲ್ಲ. ನಾವು ಏನಾದರೂ ಮಾಡಲು ಬಳಸುವ ಭಾಷೆ, ಹಣ, ಸಂಬಂಧ, ಕಾನೂನು, ಕೌಶಲ ಎಲ್ಲವೂ ಸಮಾಜದಿಂದಲೇ ಬಂದವು. ಅವಿಲ್ಲದ ‘ಶುದ್ಧ’ ಕರ್ತೃತ್ವ ಎಲ್ಲೂ ಇಲ್ಲ. ಹಾಗಾಗಿ ಕರ್ತೃತ್ವ ಎಷ್ಟಿದೆ ಅಂತ ಅಳೆಯುವ ಬದಲು, ಯಾರ ಕೈಯಲ್ಲಿ ಯಾವ ಸಾಧನ ಇತ್ತು, ಯಾವಾಗ ಇತ್ತು ಅಂತ ಕೇಳಬೇಕು.

ಸಾಧನ ಏನೂ ಇಲ್ಲ ಅನ್ನುವ ಜಾಗದಲ್ಲೂ ಜನ ಹೇಗೆ ಹುಡುಕಿಕೊಳ್ಳುತ್ತಾರೆ ಅನ್ನುವುದಕ್ಕೆ ಎರ್ವಿಂಗ್ ಗಾಫ್‌ಮನ್ ಬರಹ ನೋಡಿ. ವಾಷಿಂಗ್ಟನ್‌ನ ದೊಡ್ಡ ಮಾನಸಿಕ ಆಸ್ಪತ್ರೆಯೊಂದರಲ್ಲಿ ಅವರು ಒಂದು ವರ್ಷ ಕಳೆದರು, 1961ರಲ್ಲಿ ಪುಸ್ತಕ ಬಂತು. ಅಲ್ಲಿನ ರೋಗಿಗಳಿಗೆ ಏಳುವ ಹೊತ್ತು, ಮಲಗುವ ಹೊತ್ತು ಯಾವುದೂ ತಮ್ಮದಲ್ಲ. ಆದರೂ ಅವರು ತಮ್ಮ ಬಟ್ಟೆಯನ್ನು ತಾವೇ ಒಗೆದು, ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಹರವಿ ಒಣಗಿಸುತ್ತಿದ್ದರು. ಆ ಬಟ್ಟೆಯಾದರೂ ನಮ್ಮ ಕೈಯಲ್ಲಿರಲಿ ಅಂತ. ಇದರಿಂದ ಆಸ್ಪತ್ರೆ ಬದಲಾಗಲಿಲ್ಲ. ಆದರೆ ಅಲ್ಲೊಬ್ಬ ಮನುಷ್ಯ ಇದ್ದಾನೆ ಅನ್ನುವುದು ಉಳಿಯಿತು.

ಗಿಡೆನ್ಸ್ ಹೇಳಿದ್ದರಲ್ಲಿ ಒಂದು ಕೊರತೆ ಇದೆ. ಅದನ್ನು ಪಟ್ಟು ಹಿಡಿದು ತೋರಿಸಿದವರು ಮಾರ್ಗರೆಟ್ ಆರ್ಚರ್. ರಚನೆ ಮತ್ತು ಕರ್ತೃತ್ವವನ್ನು ಒಂದೇ ನಾಣ್ಯದ ಎರಡು ಮುಖ ಅಂದುಬಿಟ್ಟರೆ ಕಾಲ ಕೈತಪ್ಪಿ ಹೋಗುತ್ತದೆ ಅಂತ ಅವರ ತಕರಾರು. ಅವರು ಕೊಟ್ಟ ಉದಾಹರಣೆ ಕ್ಯೂಬಾದ ಸಾಕ್ಷರತೆಯದ್ದು. ಅಕ್ಷರ ಬಂದ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಕಲಿಸಬೇಕು ಅನ್ನುವ ಯೋಜನೆ. ಲೆಕ್ಕ ಹಾಕಿ ನೋಡೋಣ. ನೂರು ಜನರಲ್ಲಿ 25 ಜನಕ್ಕೆ ಓದು ಬರುತ್ತಿದ್ದರೆ ಮೊದಲ ಸುತ್ತಿಗೆ 50, ಎರಡನೇ ಸುತ್ತಿಗೆ 100. ಅಲ್ಲಿಗೆ ಮುಗಿಯಿತು. ಅದೇ ಶುರುವಿನಲ್ಲಿ 5 ಜನಕ್ಕೆ ಮಾತ್ರ ಬರುತ್ತಿದ್ದರೆ 10, 20, 40, 80, ಆಮೇಲೆ 100. ಐದು ಸುತ್ತು ಬೇಕು. ಎರಡೂ ಕಡೆ ಕಲಿಸುವವರ ಶ್ರದ್ಧೆ ಒಂದೇ, ಇಚ್ಛೆ ಒಂದೇ. ಆದರೆ ಒಂದು ಕಡೆ ಹಿಂದಿನವರು ಬಿಟ್ಟುಹೋದ ಭಾರ ಜಾಸ್ತಿ. ಆ ಭಾರವನ್ನು ಈಗಿನವರು ಮಾಡಿದ್ದಲ್ಲ. ಮಾಡಿದವರಲ್ಲಿ ಎಷ್ಟೋ ಜನ ಸತ್ತೇ ಹೋಗಿದ್ದಾರೆ.

ರಚನೆ ಮೊದಲು, ನಮ್ಮ ಕ್ರಿಯೆ ಆಮೇಲೆ, ಅದರಿಂದ ಬದಲಾದ ಅಥವಾ ಹಾಗೇ ಉಳಿದ ರಚನೆ ಅದಕ್ಕೂ ಆಮೇಲೆ. ಮನುಷ್ಯರು ತಮ್ಮ ಚರಿತ್ರೆಯನ್ನು ತಾವೇ ಮಾಡುತ್ತಾರೆ, ಆದರೆ ತಮಗೆ ಬೇಕಾದ ಹಾಗಲ್ಲ, ಹಿಂದಿನಿಂದ ಬಂದ ಪರಿಸ್ಥಿತಿಯಲ್ಲಿ ನಿಂತು ಮಾಡುತ್ತಾರೆ ಅಂತ ಮಾರ್ಕ್ಸ್ 1852ರಲ್ಲೇ ಬರೆದಿದ್ದರು. ಆ ಮಾತಿನಲ್ಲಿದ್ದ ಕಾಲವನ್ನು ಆರ್ಚರ್ ಮತ್ತೆ ಮುನ್ನೆಲೆಗೆ ತಂದರು. ಈ ಜಗಳದಲ್ಲಿ ನಾನು ಆರ್ಚರ್ ಪಕ್ಷ. ಅವರು ಇನ್ನೊಂದನ್ನೂ ಹೇಳಿದರು. ರಚನೆ ನಮ್ಮನ್ನು ನೇರವಾಗಿ ತಳ್ಳುವುದಿಲ್ಲ, ನಾವು ಒಳಗೊಳಗೇ ನಡೆಸುವ ಮಾತುಕತೆಯ ಮೂಲಕ ಬರುತ್ತದೆ. ಈ ಕೆಲಸ ಬಿಡಲಾ, ಬೇಡವಾ? ಅಮ್ಮ ಏನಂದಾಳು? ಆ ಒಳಮಾತನ್ನು ಎಲ್ಲರೂ ಒಂದೇ ಥರ ನಡೆಸುವುದಿಲ್ಲ. ಕೆಲವರಿಗೆ ಹತ್ತಿರದವರ ಹತ್ತಿರ ಹೇಳಿಕೊಂಡರೇ ಯೋಚನೆ ಮುಗಿಯುವುದು. ಕೆಲವರು ಒಬ್ಬರೇ ತೀರ್ಮಾನಿಸುತ್ತಾರೆ. ಕೆಲವರಿಗೆ ಯೋಚಿಸಿದಷ್ಟೂ ದಿಕ್ಕು ತಪ್ಪುತ್ತದೆ. ಹಾಗಾಗಿ ಒಂದೇ ಪರಿಸ್ಥಿತಿಯಲ್ಲಿ ಇಬ್ಬರು ಎರಡು ದಾರಿ ಹಿಡಿಯುತ್ತಾರೆ.

1998ರಲ್ಲಿ ಮುಸ್ತಫಾ ಎಮಿರ್‌ಬೇಯರ್ ಮತ್ತು ಆನ್ ಮಿಶ್ ಬರೆದ ಲೇಖನವನ್ನೂ ನಿಮ್ಮ ಪಠ್ಯದಲ್ಲಿ ಇಟ್ಟಿರಬಹುದು. ಇಟ್ಟಿಲ್ಲದಿದ್ದರೆ ಹುಡುಕಿ ಓದಿ. ಯಾವ ಕ್ರಿಯೆಯಲ್ಲೂ ಮೂರು ಕಾಲ ಸೇರಿರುತ್ತವೆ ಅಂತ ಅವರ ವಾದ. ಹಿಂದಿನ ರೂಢಿ, ಮುಂದಿನ ಕಲ್ಪನೆ, ಈಗಿನ ಸಂದರ್ಭವನ್ನು ತೂಗಿ ನೋಡುವುದು. ರೂಢಿಯೇ ಜಾಸ್ತಿ ಇರುವ ಹೊತ್ತಿದೆ, ಕಲ್ಪನೆಯೇ ಜಾಸ್ತಿ ಇರುವ ಹೊತ್ತಿದೆ. ಇದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ‘ಕಲ್ಪನೆ’. ಬೇರೆ ಬದುಕನ್ನು ಕಣ್ಣಾರೆ ಕಾಣದವರು ಅದನ್ನು ಬಯಸುವುದು ಕಷ್ಟ. ಕಲ್ಪನೆ ಕೂಡ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ.

ಈಗ ನಿಮ್ಮ ಮೂರನೇ ಪ್ರಶ್ನೆ. ಇದಕ್ಕೆ ನಾನು ಪಾಲ್ ವಿಲ್ಲಿಸ್ ಕಂಡ ಹುಡುಗರ ಕಥೆ ಹೇಳುತ್ತೇನೆ. 1970ರ ದಶಕದಲ್ಲಿ ವಿಲ್ಲಿಸ್ ಇಂಗ್ಲೆಂಡಿನ ನಡುನಾಡಿನ ಒಂದು ಕೈಗಾರಿಕಾ ಪಟ್ಟಣಕ್ಕೆ ಹೋದರು. ಕಾರ್ಮಿಕರ ಮನೆಗಳ 12 ಹುಡುಗರ ಜೊತೆ ಅವರ ಶಾಲೆಯ ಕೊನೆಯ ಎರಡು ವರ್ಷ ಓಡಾಡಿದರು. ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲೂ ಜೊತೆಗಿದ್ದರು. ಪುಸ್ತಕ ಬಂದದ್ದು 1977ರಲ್ಲಿ. ಕಾರ್ಮಿಕರ ಮಕ್ಕಳು ಕಾರ್ಮಿಕರೇ ಯಾಕಾಗುತ್ತಾರೆ, ಅದೂ ತಾವೇ ಒಪ್ಪಿಕೊಂಡು? ಇದು ಅವರ ಪ್ರಶ್ನೆ.

ಆ ಹುಡುಗರು ದಡ್ಡರಲ್ಲ. ಮೇಷ್ಟ್ರನ್ನು ಗೇಲಿ ಮಾಡುತ್ತಾರೆ, ಕ್ಲಾಸಿಗೆ ಚಕ್ಕರ್ ಹೊಡೆಯುತ್ತಾರೆ, ಹೇಳಿದ ಮಾತು ಕೇಳುವ ಹುಡುಗರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಅದರ ಹಿಂದೆ ಒಂದು ಅರಿವು ಇದೆ. ಶಾಲೆ ಹೇಳುತ್ತದೆ, ಚೆನ್ನಾಗಿ ಓದು, ಸರ್ಟಿಫಿಕೇಟ್ ಪಡೆ, ಮೇಲೆ ಬರುತ್ತೀಯ. ಹುಡುಗರು ಅದರಲ್ಲಿನ ಮೋಸವನ್ನು ಹಿಡಿದುಬಿಟ್ಟಿದ್ದಾರೆ. ಒಬ್ಬಿಬ್ಬರು ಮೇಲೆ ಬರಬಹುದು, ಎಲ್ಲರಿಗೂ ಸರ್ಟಿಫಿಕೇಟ್ ಸಿಕ್ಕರೆ ಅದಕ್ಕೆ ಬೆಲೆಯೇ ಇರುವುದಿಲ್ಲ. ಇದು ಸಮಾಜಶಾಸ್ತ್ರಜ್ಞರು ಹೇಳುವ ಮಾತೇ. ಹುಡುಗರು ಅದನ್ನು ಪಾಠವಾಗಿ ಹೇಳಲಾರರು, ನಗೆಚಾಟಿಕೆಯಲ್ಲಿ ಹೇಳುತ್ತಾರೆ.

ಅವರು ಆಯ್ಕೆ ಮಾಡಿದರು, ಪ್ರತಿಭಟಿಸಿದರು, ಶಾಲೆಯ ಅಧಿಕಾರವನ್ನು ಸೋಲಿಸಿದರು. ಕರ್ತೃತ್ವಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಫಲ ಏನಾಯಿತು? ಓದನ್ನು ಹೆಣ್ಣಿಗರ ಕೆಲಸ ಅಂತ ತಳ್ಳಿ, ಮೈಮುರಿದು ದುಡಿಯುವುದೇ ಗಂಡಸುತನ ಅಂತ ನಂಬಿ, ಅವರು ನಡೆದು ಹೋಗಿ ಕಾರ್ಖಾನೆಯ ಕೆಳಗಿನ ಕೆಲಸಕ್ಕೆ ಸೇರಿದರು. ಅಪ್ಪಂದಿರು ಇದ್ದ ಜಾಗಕ್ಕೇ. ಯಾರೂ ಅವರನ್ನು ಅಲ್ಲಿಗೆ ತಳ್ಳಬೇಕಾಗಿ ಬರಲಿಲ್ಲ. ದೀಪ ಹಾಕಿ ಕಳ್ಳನನ್ನು ಎಚ್ಚರಿಸಿದವನ ಉದಾಹರಣೆ ನೆನಪಿಸಿಕೊಳ್ಳಿ. ಇವರಿಗೂ ಬೇಕಿದ್ದದ್ದು ಶಾಲೆಯ ವಿರುದ್ಧ ಒಂದಿಷ್ಟು ಮರ್ಯಾದೆ. ವರ್ಗ ವ್ಯವಸ್ಥೆಯನ್ನು ಇನ್ನೊಂದು ತಲೆಮಾರಿಗೆ ದಾಟಿಸುವುದು ಅವರ ಉದ್ದೇಶವಾಗಿರಲಿಲ್ಲ. ಆದರೆ ದಾಟಿಸಿದ್ದು ಅವರ ಕೈಗಳೇ.

ಹಾಗಾದರೆ ಅವರ ಕಷ್ಟಕ್ಕೆ ಅವರೇ ಕಾರಣವೇ? ಇಲ್ಲಿ ಎರಡು ಮಾತು ಬೇರೆ ಬೇರೆ ಮಾಡಬೇಕು. ಒಬ್ಬರು ಏನೋ ಮಾಡಿದರು ಅನ್ನುವುದು ಒಂದು. ಆಗಿದ್ದಕ್ಕೆಲ್ಲ ಅವರೇ ಹೊಣೆ ಅನ್ನುವುದು ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಬೇಕಾದರೆ, ಅವರ ಮುಂದೆ ಎಷ್ಟು ಬಾಗಿಲು ತೆರೆದಿದ್ದವು, ಪ್ರತಿ ಬಾಗಿಲಿಗೆ ಎಷ್ಟು ಬೆಲೆ ತೆರಬೇಕಿತ್ತು, ಬಾಗಿಲ ಆಚೆ ಏನಿದೆ ಅಂತ ಅವರಿಗೆ ತಿಳಿಯುವ ದಾರಿ ಇತ್ತೇ ಅಂತ ನೋಡಬೇಕು. ಶ್ರೀಮಂತರ ಮಗ ಹದಿನಾರಕ್ಕೆ ಮೇಷ್ಟ್ರನ್ನು ಗೇಲಿ ಮಾಡಿದರೆ ಅದು ಒಂದು ತಮಾಷೆಯ ನೆನಪಾಗಿ ಉಳಿಯುತ್ತದೆ. ಈ ಹುಡುಗರ ಅದೇ ಗೇಲಿಗೆ ಬದುಕಿಡೀ ಬೆಲೆ ತೆರಬೇಕಾಯಿತು. ಒಂದೇ ಕೃತ್ಯ, ಬೆಲೆ ಬೇರೆ. ಬೆಲೆಪಟ್ಟಿ ಬರೆದವರು ಆ ಹುಡುಗರಲ್ಲ. ಕರ್ತೃತ್ವದ ಹೆಸರಿನಲ್ಲಿ ಬಡವರನ್ನು ದೂರುವವರು ಆ ಬೆಲೆಪಟ್ಟಿಯನ್ನು ಮುಚ್ಚಿಟ್ಟು ಮಾತಾಡುತ್ತಾರೆ. ನನಗೆ ಇದು ಬರೀ ತರ್ಕದ ತಪ್ಪಲ್ಲ, ಅನ್ಯಾಯ ಅಂತಲೇ ಅನ್ನಿಸುತ್ತದೆ.

ಆದರೆ ಇದರ ಉಲ್ಟಾ ತಪ್ಪೂ ಅಷ್ಟೇ ಕೆಟ್ಟದ್ದು. ದೂರಬಾರದು ಅಂತ ಕರುಣೆಯಿಂದ ‘ಪಾಪ, ಅವರೇನು ಮಾಡಿಯಾರು, ವ್ಯವಸ್ಥೆ ಹಾಗಿದೆ’ ಅಂದುಬಿಟ್ಟರೆ ಅವರ ಬುದ್ಧಿಯನ್ನೂ, ಶ್ರಮವನ್ನೂ ಅಳಿಸಿಹಾಕಿದ ಹಾಗೆ. ‘ಅವಳಾದರೂ ಓದಲಿ ಅಂತ ನಾನು ಬಿಟ್ಟೆ’ ಅಂದ ಹೆಂಗಸಿಗೆ ‘ಇಲ್ಲ, ನೀವು ಬಿಟ್ಟಿಲ್ಲ, ನಿಮ್ಮನ್ನು ಬಿಡಿಸಿದ್ದು’ ಅಂತ ಹೇಳಲು ನಾನು ಯಾರು? ಇ. ಪಿ. ಥಾಂಪ್ಸನ್ 1963ರಲ್ಲಿ ಇಂಗ್ಲೆಂಡಿನ ಕಾರ್ಮಿಕ ವರ್ಗದ ಚರಿತ್ರೆ ಬರೆದಾಗ ಹಟ ಹಿಡಿದದ್ದು ಇದಕ್ಕೇ. ಆ ವರ್ಗವನ್ನು ಕಾರ್ಖಾನೆಗಳು ಮಾತ್ರ ಹುಟ್ಟಿಸಲಿಲ್ಲ, ತನ್ನನ್ನು ತಾನು ಕಟ್ಟಿಕೊಳ್ಳುವಾಗ ಅದೂ ಅಲ್ಲಿತ್ತು. ಒಬ್ಬೊಬ್ಬರಾಗಿ ತೆರೆಯಲಾಗದ ಬಾಗಿಲನ್ನು ಜನ ಸಂಘ ಕಟ್ಟಿಕೊಂಡು ತೆರೆದಿದ್ದಾರೆ. ಕರ್ತೃತ್ವವನ್ನು ಯಾವಾಗಲೂ ಒಬ್ಬ ವ್ಯಕ್ತಿಯ ಎದೆಯೊಳಗೇ ಹುಡುಕಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ. ಕರ್ತೃತ್ವ ಅಂದರೆ ಪ್ರತಿಭಟನೆ ಅಂತ ಬರೆಯುವ ಚಾಳಿ ವಿದ್ಯಾರ್ಥಿಗಳಲ್ಲಿ ತುಂಬಾ ಇದೆ. ಸಬಾ ಮಹಮೂದ್ ಇದನ್ನು ಪ್ರಶ್ನಿಸಿದರು. ಕೈರೋದ ಮಸೀದಿಗಳಲ್ಲಿ ಧರ್ಮದ ಪಾಠಕ್ಕೆ ಸೇರುತ್ತಿದ್ದ ಹೆಂಗಸರ ಬಗ್ಗೆ 2005ರಲ್ಲಿ ಅವರ ಪುಸ್ತಕ ಬಂತು. ಆ ಹೆಂಗಸರು ನಾಚಿಕೆ, ತಾಳ್ಮೆ, ಭಕ್ತಿಯನ್ನು ಕಷ್ಟಪಟ್ಟು, ದಿನವೂ ಅಭ್ಯಾಸ ಮಾಡಿ ತಮ್ಮಲ್ಲಿ ಬೆಳೆಸಿಕೊಳ್ಳುತ್ತಿದ್ದರು. ಹೊರಗಿನಿಂದ ನೋಡಿದರೆ ಬರೀ ವಿಧೇಯತೆ. ಮಹಮೂದ್ ಪಿಯಾನೊ ಕಲಿಯುವವರ ಉದಾಹರಣೆ ಕೊಡುತ್ತಾರೆ. ಬೆರಳು ನೋಯುವಷ್ಟು ಅಭ್ಯಾಸಕ್ಕೆ ತಲೆಬಾಗಿದವರಿಗೆ ಮಾತ್ರ ಮುಂದೆ ನುಡಿಸುವ ಶಕ್ತಿ ಬರುತ್ತದೆ. ಒಪ್ಪಿಕೊಳ್ಳುವುದರಲ್ಲೂ ಒಂದು ಮಾಡುವಿಕೆ ಇರಬಹುದು. ಅವರ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಯಾವ ದಬ್ಬಾಳಿಕೆಯನ್ನಾದರೂ ಇದೇ ಮಾತಿನಿಂದ ಸಮರ್ಥಿಸಿಕೊಳ್ಳಬಹುದು ಅನ್ನುವ ಭಯ ನನಗಿದೆ. ಆದರೆ ನಮಗೆ ಇಷ್ಟವಾದ ಆಯ್ಕೆಯನ್ನು ಮಾತ್ರ ಕರ್ತೃತ್ವ ಅನ್ನುವ ಅಭ್ಯಾಸವನ್ನು ಅವರು ಬಿಡಿಸಿದರು.

ಬ್ರೂನೊ ಲಾಟೂರ್ ಮುಂತಾದವರು ವಸ್ತುಗಳಿಗೂ ಕರ್ತೃತ್ವ ಇದೆ ಅನ್ನುತ್ತಾರೆ. ರಸ್ತೆಯ ಉಬ್ಬು ಗಾಡಿಯನ್ನು ನಿಧಾನ ಮಾಡಿಸುವುದಿಲ್ಲವೇ ಅಂತ. ನೀವು ಕೇಳಿದ್ದು ಮನುಷ್ಯರ ಬಗ್ಗೆ, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಮುಂದೆ ನೀವು ಪ್ರಬಂಧಕ್ಕೆ ಸಂದರ್ಶನ ಮಾಡುವಿರಿ. ಬರೆದುಕೊಳ್ಳುವಾಗ ಜನ ಬಳಸಿದ ಕ್ರಿಯಾಪದವನ್ನು ಹಾಗೇ ಇಡಿ. ‘ಬಿಡಿಸಿದರು’ ಅಂದದ್ದನ್ನು ‘ಶಾಲೆ ತೊರೆದರು’ ಅಂತ ತಿದ್ದಿ ಚೆಂದ ಮಾಡಬೇಡಿ. ಯಾವ ವಾಕ್ಯ ಯಾವ ಪ್ರಶ್ನೆಗೆ ಬಂತು, ಆಗ ಪಕ್ಕದಲ್ಲಿ ಯಾರಿದ್ದರು ಅಂತಲೂ ಗುರುತು ಹಾಕಿ. ಆ ಹೆಂಗಸಿನ ಹತ್ತಿರ ನಾನು ಹೊರಡುವ ಮುನ್ನ ಕೇಳಿದ್ದೆ. ಬಿಡಿಸಿದರು ಅಂದಿರಿ, ಬಿಟ್ಟೆ ಅಂದಿರಿ, ಬಿಟ್ಟುಹೋಯಿತು ಅಂದಿರಿ, ಇದರಲ್ಲಿ ಯಾವುದು ಅಂತ ಬರೆದುಕೊಳ್ಳಲಿ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಆಗ ನನಗೆ ಹನ್ನೊಂದು ವರ್ಷ’ ಅಂದರು. ‘ಬಿಟ್ಟೆ ಅಂತ ಹೇಳೋಕೆ ನನಗೆ ಬಂದಿದ್ದು ತಂಗಿಗೆ ಕೆಲಸ ಸಿಕ್ಕಿದ ಮೇಲೆ.’